ಎಲುಬಿಗೆ ಡ್ರಿಪ್ ಹಾಕಿದ ಸಂಜೆ

ಮಳೆ ಸ್ವಲ್ಪ ಹೊಳವಾದರೆ ಸಾಕು, ಶಿರಸಿ ಕಡೆ ಬ್ಯಾಣ ಅನ್ನುವ ಹುಲ್ಲುಗಾವಲುಗಳಲ್ಲಿ ಹುಲ್ಲು ಕೊಚ್ಚುವ ಮಷಿನ್ ಸದ್ದು ಶುರುವಾಗುತ್ತದೆ. ಆ ಸಂಜೆ ಜೀಪಿನಲ್ಲಿ ಕರೆತಂದವನ ಬಲತೊಡೆಗೆ ಅದರ ಬ್ಲೇಡಿನ ತುಂಡೇ ಹಾರಿ ಬಡಿದಿತ್ತು. ಊರಿನಿಂದ ನಮ್ಮ ಆಸ್ಪತ್ರೆಗೆ ಮುಕ್ಕಾಲು ಗಂಟೆ ದಾರಿ. ಕಟ್ಟಿದ್ದ ಟವೆಲ್ ಹಿಂಡಿದರೆ ರಕ್ತ ಸುರಿಯುವ ಹಾಗಿತ್ತು. ಡಾಕ್ಟರ್ ಗಾಯದೊಳಗೆ ಗಾಜ್ ಬಟ್ಟೆ ತುರುಕಿ, ಮೇಲ್ಗಡೆ ಬಿಗಿದು ಕಟ್ಟಿ, ಅಟೆಂಡರ್ ಕೈಲಿ ಒತ್ತಿ ಹಿಡಿಸಿದರು. ಡ್ರಿಪ್ ಹಾಕುವ ಕೆಲಸ ನಂದು.

ನರ ಸಿಗಲೇ ಇಲ್ಲ. ರಕ್ತ ಜಾಸ್ತಿ ಹೋದರೆ ಕೈಕಾಲಿನ ನರಗಳು ಕುಗ್ಗಿ, ಬತ್ತಿದ ಬಳ್ಳಿ ಥರ ಒಳಗೆ ಅಡಗಿಬಿಡುತ್ತವೆ. ನಾಲ್ಕು ಕಡೆ ಚುಚ್ಚಿದೆ. ಕೈ ತಣ್ಣಗಾಗಿತ್ತು, ಕರೆದರೆ ಕಣ್ಣು ಮಾತ್ರ ಅರ್ಧ ತೆರೆಯುತ್ತಿದ್ದ. ಐದನೇ ಸಲ ಹುಡುಕುವಾಗ ಡಾಕ್ಟರ್, "ಸಾಕು ಸಿಸ್ಟರ್, ಟೈಮ್ ಹೋಗ್ತಿದೆ, ಎಲುಬಿಗೆ ಹಾಕೋಣ" ಅಂದರು.

ಮಕ್ಕಳಿಗೆ ಹಾಗೆ ಹಾಕುವುದನ್ನು ನೋಡಿದ್ದೆ, ದೊಡ್ಡವರಿಗೆ ನೋಡಿರಲಿಲ್ಲ. ಪೆಟ್ಟಾಗದ ಎಡಗಾಲು. ಮೊಣಕಾಲು ಚಿಪ್ಪಿನ ಕೆಳಗೆ ಎಲುಬಿನ ಗುಬುಟು ಕೈಗೆ ಸಿಗುತ್ತದಲ್ವಾ, ಅದರ ಒಳಮಗ್ಗುಲಿನ ಚಪ್ಪಟೆ ಜಾಗದಲ್ಲಿ ದಪ್ಪ ಸೂಜಿ ಇಟ್ಟು, ತಿರುಗಿಸುತ್ತ ಒತ್ತಿದರು. ಮೊದಲು ಗಟ್ಟಿ, ಆಮೇಲೆ ಒಮ್ಮೆಲೇ ಸಡಿಲ. ಕೈಬಿಟ್ಟರೂ ಸೂಜಿ ನೆಟ್ಟ ಗೂಟದ ಹಾಗೆ ನಿಂತಿತ್ತು.

ಬಾಗಿಲಲ್ಲಿದ್ದ ಅವನ ತಾಯಿ "ಅಯ್ಯೋ, ಎಲುಬಿಗೆ ಯಾಕೆ ಚುಚ್ತ್ರಿ?" ಅಂತ ಕೂಗಿದರು. ಆಗ ವಿವರಿಸಲು ಪುರುಸೊತ್ತಿರಲಿಲ್ಲ, ಈಗ ಹೇಳುತ್ತೇನೆ. ನರ ಕುಗ್ಗುತ್ತದೆ, ಎಲುಬು ಕುಗ್ಗುವುದಿಲ್ಲ. ಒಳಗಿನ ಮಜ್ಜೆಯ ತುಂಬ ಸಣ್ಣ ರಕ್ತನಾಳಗಳಿವೆ, ಅಲ್ಲಿ ಬಿಟ್ಟ ಸಲೈನ್, ಔಷಧಿ, ರಕ್ತ ಎಲ್ಲವೂ ಕೂಡಲೇ ಹೃದಯದ ಕಡೆಗೆ ಹೋಗುತ್ತದೆ. ಮುರಿದ ಎಲುಬಿಗೆ ಮಾತ್ರ ಹಾಕಬಾರದು. 1922ರಲ್ಲೇ ಇದರ ಬಗ್ಗೆ ಸಂಶೋಧನೆ ಆಗಿತ್ತು, ನಡುವೆ ಹೆಚ್ಚಿನವರು ಮರೆತಿದ್ದರು. ನಮ್ಮ ದೇಶದಲ್ಲಿ ಕಾಲರಾ ಬಂದಾಗ ಹೀಗೆ ಡ್ರಿಪ್ ಕೊಡುವುದನ್ನು ಕಂಡ ಅಮೆರಿಕದ ಡಾಕ್ಟರ್ ಜೇಮ್ಸ್ ಓರ್ಲೋವ್ಸ್ಕಿ 1984ರಲ್ಲಿ ಬರೆದ ಮೇಲೆ ಮತ್ತೆ ಬಳಕೆಗೆ ಬಂತು.

ಸುಮ್ನೆ ತೂಗುಹಾಕಿದರೆ ಎಲುಬಿನಲ್ಲಿ ಡ್ರಿಪ್ ನಿಧಾನ. ಅದಕ್ಕೆ ಬಿಪಿ ನೋಡುವ ಪಟ್ಟಿಯನ್ನು ಸಲೈನ್ ಚೀಲಕ್ಕೇ ಸುತ್ತಿ ಗಾಳಿ ತುಂಬಿದೆ. ಹನಿ ಧಾರೆಯಾಯಿತು. ಹಾಗಂತ ಸಲೈನ್ ಸುರಿಯುತ್ತಲೇ ಇರುವ ಹಾಗಿಲ್ಲ, ಜಾಸ್ತಿಯಾದರೆ ಉಳಿದ ರಕ್ತವೂ ತೆಳುವಾಗಿ, ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ರಕ್ತ ಬರುವವರೆಗೆ ಜೀವ ಹಿಡಿದಿಡಲು ಬೇಕಾದಷ್ಟೇ. ಸ್ವಲ್ಪ ಹೊತ್ತಿಗೆ ಅವನ ಮಣಿಕಟ್ಟಿನಲ್ಲಿ ನಾಡಿ ಬೆರಳಿಗೆ ತಾಗಿತು. ಎರಡು ಬಾಟಲಿ ರಕ್ತ ಬಂತು, ಅದೂ ಅದೇ ಸೂಜಿಯಲ್ಲಿ ಹೋಯಿತು. ಆಮೇಲೆ ಕೈಯಲ್ಲೂ ನರ ಸಿಕ್ಕಿತು.

ರಾತ್ರಿಯೇ ಹುಬ್ಬಳ್ಳಿಗೆ ಕಳಿಸಿದೆವು, ನೂರು ಕಿಲೋಮೀಟರ್. ದೊಡ್ಡ ಆಪರೇಷನ್ನಿಗೆ ನಮ್ಮ ಜಿಲ್ಲೆಯವರು ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಓಡಬೇಕು. ಅಷ್ಟು ದೂರ ಜೀವ ಉಳಿಸಿಕೊಂಡು ಹೋಗಬೇಕಾದವರ ಮೇಲೆ ನಾಲ್ಕು ಸಲ ಚುಚ್ಚಿ ನಾನು ಕಳೆದ ನಿಮಿಷಗಳು ಈಗಲೂ ಮನಸ್ಸಿನಲ್ಲಿ ಕೊರೆಯುತ್ತವೆ. ಎರಡು ಸಲ ಸಿಗದಿದ್ದರೆ ಎಲುಬಿಗೆ ಹೋಗಿಬಿಡಬೇಕು ಅಂತ ಡಾಕ್ಟರಿಗೆ ನಾನೇ ಹೇಳಬೇಕಿತ್ತು.

ಅವನು ಉಳಿದ. ಆ ಸೂಜಿ ಅವತ್ತು ಮಕ್ಕಳ ವಾರ್ಡಿನ ಬೀರುವಿನಲ್ಲಿತ್ತು, ಓಡಿಹೋಗಿ ತಂದಿದ್ದೆವು. ಈಗ ಎಮರ್ಜೆನ್ಸಿ ಟ್ರಾಲಿಯ ಮೇಲಿನ ಡ್ರಾಯರಿನಲ್ಲಿ ಎರಡು ಇಟ್ಟಿದ್ದೇನೆ. ಡ್ಯೂಟಿಗೆ ಬಂದ ಕೂಡಲೇ ಮೊದಲು ಅದನ್ನೇ ತೆರೆದು ಎಣಿಸುತ್ತೇನೆ.