ದೇವರಿದ್ದಾನೆ ಅಂದಮೇಲೆ ಸಸ್ಪೆನ್ಸ್ ಎಲ್ಲಿಂದ ಬರುತ್ತದೆ?

ನಾನು ಬರೆಯುವುದು ಕೋರ್ಟು ಕಚೇರಿಯ ಕಾದಂಬರಿ. ಅದರಲ್ಲೊಂದು ಅನ್ಯಾಯ ಇರುತ್ತದೆ, ಅದರ ವಿರುದ್ಧ ನಿಲ್ಲುವವರಿರುತ್ತಾರೆ, ನಡುವೆ ಒಂದು ಪ್ರೀತಿ ಹುಟ್ಟುತ್ತದೆ. ಹಾಗೆ ನಿಲ್ಲುವವರು ದೇವರನ್ನು ನಂಬಿದವರು, ಬರೀ ಭಾನುವಾರಕ್ಕಲ್ಲ, ವಾರವಿಡೀ. ಅಮೆರಿಕದ ಕ್ರೈಸ್ತ ಪ್ರಕಾಶಕರ ಅಂಗಡಿಗಳಲ್ಲಿ ಇಂಥ ಪುಸ್ತಕಗಳಿಗೆ ಬೇರೆಯೇ ಕಪಾಟಿದೆ. ಕನ್ನಡದಲ್ಲಿ ಅಪರೂಪ. ಅದಕ್ಕೇ ಇರಬೇಕು, ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಾಗಲಿ, ಮದುವೆಮನೆಯ ಊಟದ ಸಾಲಿನಲ್ಲಾಗಲಿ ಒಂದೇ ಪ್ರಶ್ನೆ ಎದುರಾಗುತ್ತದೆ: "ದೇವರು ಜೊತೆಗಿದ್ದಾನೆ ಅಂತ ನೀವೇ ಹೇಳಿದಿರಿ. ಹಾಗಾದರೆ ಕೊನೆಗೆ ಒಳ್ಳೆಯವರೇ ಗೆಲ್ಲುತ್ತಾರೆ ಅಂತ ಮೊದಲ ಪುಟದಲ್ಲೇ ಗೊತ್ತಾಯಿತಲ್ಲ? ಇನ್ನು ಕುತೂಹಲ ಏನು ಉಳಿಯಿತು?"

ಈ ಪ್ರಶ್ನೆಗೆ ನಿಂತಲ್ಲೇ ಉತ್ತರ ಹೇಳಿ ಮುಗಿಸಲು ಆಗುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಹರಿಶ್ಚಂದ್ರನ ಕಥೆ ಕೊನೆಗೆ ಏನಾಗುತ್ತದೆ ಅಂತ ಗೊತ್ತಿಲ್ಲದ ಕನ್ನಡಿಗರಿಲ್ಲ. ಆದರೂ ಮಗನ ಹೆಣ ಎತ್ತಿಕೊಂಡು ಬಂದ ಚಂದ್ರಮತಿಯ ಹತ್ತಿರ ಅವನು ಸುಡುಗಾಡಿನ ತೆರಿಗೆ ಕೇಳುವ ಜಾಗ ಬಂದಾಗ ಕೇಳುವವರ ಉಸಿರು ಕಟ್ಟುತ್ತದೆ. ಕಡೆಗೆ ದೇವರು ಬರುತ್ತಾನೆ ಅಂತ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಒಂದೇ ಒಂದು ಸುಳ್ಳು ಹೇಳಿದ್ದರೆ ಅವನು ಅಲ್ಲಿಗೆ ಬರಬೇಕಾಗಿಯೇ ಇರಲಿಲ್ಲ. ನನ್ನ ಉತ್ತರದ ತಿರುಳು ಇದೇ. ನಂಬಿಕೆ ಇರುವ ಮನುಷ್ಯನಿಗೆ ತಪ್ಪಿಸಿಕೊಳ್ಳುವ ದಾರಿಗಳು ಕಡಿಮೆ. ಬೇರೆಯವರು ಸಲೀಸಾಗಿ ನುಸುಳಿ ಹೋಗುವ ಬಾಗಿಲನ್ನು ಅವನು ತಾನೇ ಮುಚ್ಚಿಕೊಂಡಿರುತ್ತಾನೆ. ಕಥೆ ಬಿಗಿಯಾಗುವುದು ಅಲ್ಲಿ.

ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ರೂತಳ ಪುಸ್ತಕ ಇದೆ, ನಾಲ್ಕೇ ಅಧ್ಯಾಯ. ಭಾನುವಾರ ಶಾಲೆಯಲ್ಲಿ ನಮಗೆ ಅದನ್ನು ಒಳ್ಳೆಯ ಸೊಸೆಯ ಕಥೆ ಅಂತ ಹೇಳಿಕೊಟ್ಟಿದ್ದರು. ಒಬ್ಬ ವಕೀಲನ ಕಣ್ಣಿನಿಂದ ಓದಿ ನೋಡಿ. ಬರಗಾಲಕ್ಕೆ ಊರು ಬಿಟ್ಟು ಮೋವಾಬಿಗೆ ಹೋದ ಕುಟುಂಬದಲ್ಲಿ ಗಂಡಸರೆಲ್ಲ ಸತ್ತಿದ್ದಾರೆ. ಅತ್ತೆ ನೊವೊಮಿ, ಸೊಸೆ ರೂತ್ ಇಬ್ಬರೂ ವಿಧವೆಯರು, ಬೇತ್ಲೆಹೇಮಿಗೆ ಬರಿಗೈಯಲ್ಲಿ ಬಂದಿದ್ದಾರೆ. ರೂತ್ ಪರದೇಶದವಳು, ಮೋವಾಬ್ಯರನ್ನು ದೇವರ ಸಭೆಗೆ ಸೇರಿಸಬಾರದು ಅಂತ ಸತ್ಯವೇದದ ಧರ್ಮೋಪದೇಶಕಾಂಡದಲ್ಲೇ ಬರೆದಿದೆ. ಗಂಡನ ಕಡೆಯ ಜಮೀನೊಂದಿದೆ, ಅದನ್ನು ಬಿಡಿಸಿಕೊಳ್ಳುವ ಹಕ್ಕು ಹತ್ತಿರದ ಬಂಧುವಿಗೆ. ಬೋವಜನೂ ಬಂಧುವೇ, ಅವಳನ್ನು ಮೆಚ್ಚಿದವನು. ರಾತ್ರಿ ಕಣದಲ್ಲಿ ರೂತ್ ಬಂದು ತನ್ನನ್ನು ಕೈಹಿಡಿ ಎಂದು ಕೇಳುತ್ತಾಳೆ. ಆಗ ಅವನು ಏನು ಹೇಳುತ್ತಾನೆ? ನಾನು ಬಂಧು ಹೌದು, ಆದರೆ ನನಗಿಂತ ಹತ್ತಿರದವನು ಇನ್ನೊಬ್ಬನಿದ್ದಾನೆ ಅನ್ನುತ್ತಾನೆ.

ಅದನ್ನು ಅವನು ಹೇಳಬೇಕಾಗಿರಲಿಲ್ಲ. ರಾತ್ರಿ ಹೊತ್ತು, ಯಾರೂ ನೋಡುತ್ತಿಲ್ಲ, ಬಂದವಳಿಗೆ ಈ ಊರಿನ ವಂಶಾವಳಿ ಗೊತ್ತಿಲ್ಲ. ಸುಮ್ಮನಿದ್ದಿದ್ದರೆ ಮದುವೆ ಆಗಿಹೋಗುತ್ತಿತ್ತು, ಕಥೆಯೂ ಅಲ್ಲಿಗೆ ಮುಗಿಯುತ್ತಿತ್ತು. ಅವನ ದೈವಭಕ್ತಿಯೇ ಅವನ ಪ್ರೀತಿಗೆ ಅಡ್ಡ ಬಂದು ನಿಂತಿತು. ಸಸ್ಪೆನ್ಸ್ ಹುಟ್ಟಿದ್ದು ಅಲ್ಲಿಂದ.

ಮರುದಿನ ಬೆಳಿಗ್ಗೆ ಊರಬಾಗಿಲು. ಆ ಕಾಲದ ನ್ಯಾಯಸ್ಥಾನ ಅದೇ. ಬೋವಜ ಅಲ್ಲಿ ಹೋಗಿ ಕೂರುತ್ತಾನೆ, ಆ ಹತ್ತಿರದ ಬಂಧು ದಾರಿಯಲ್ಲಿ ಹೋಗುತ್ತಿದ್ದವನನ್ನು ಕರೆದು ಕೂರಿಸುತ್ತಾನೆ, ಊರ ಹಿರಿಯರು ಹತ್ತು ಮಂದಿಯನ್ನು ಸಾಕ್ಷಿಗೆ ಕೂರಿಸುತ್ತಾನೆ. ಆಮೇಲೆ ಮಾತು ಎತ್ತುವುದು ಜಮೀನಿನದು ಮಾತ್ರ. ನೊವೊಮಿ ಹೊಲ ಮಾರುತ್ತಿದ್ದಾಳೆ, ಬಿಡಿಸಿಕೊಳ್ಳುವ ಮೊದಲ ಹಕ್ಕು ನಿನ್ನದು, ನಿನಗೆ ಬೇಡವಾದರೆ ಹೇಳು, ನಿನ್ನ ನಂತರ ನಾನಿದ್ದೇನೆ. ಆ ಬಂಧು "ಬಿಡಿಸಿಕೊಳ್ಳುತ್ತೇನೆ" ಅಂದುಬಿಡುತ್ತಾನೆ! ಈ ಜಾಗ ಓದುವಾಗಲೆಲ್ಲ ನನಗೆ ದಿಗಿಲಾಗುತ್ತದೆ. ಎಲ್ಲ ಕೈತಪ್ಪಿತು ಅನ್ನುವಾಗ ಬೋವಜ ಎರಡನೆಯ ಷರತ್ತು ಹೊರಗೆ ತೆಗೆಯುತ್ತಾನೆ: ಹೊಲ ಕೊಂಡ ದಿನವೇ ಸತ್ತವನ ಹೆಂಡತಿಯಾದ ಮೋವಾಬಿನ ರೂತಳನ್ನೂ ಕೈಹಿಡಿದು, ಸತ್ತವನ ಹೆಸರು ಆ ಆಸ್ತಿಯ ಮೇಲೆ ಉಳಿಯುವ ಹಾಗೆ ಮಾಡಬೇಕು. ಬಂಧು ಲೆಕ್ಕ ಹಾಕುತ್ತಾನೆ, ತನ್ನ ಆಸ್ತಿಗೆ ಕುತ್ತು ಬರುತ್ತದೆ ಅಂತ ಹಿಂದೆ ಸರಿಯುತ್ತಾನೆ, ಕೆರ ಬಿಚ್ಚಿ ಕೊಡುತ್ತಾನೆ. ಹಕ್ಕು ಬಿಟ್ಟುಕೊಟ್ಟದ್ದಕ್ಕೆ ಆ ಕಾಲದ ರುಜು ಅದು. ಆ ಬಂಧುವಿನ ಹೆಸರನ್ನು ಪುಸ್ತಕ ಹೇಳುವುದೇ ಇಲ್ಲ.

ಹಿಂದಿನ ರಾತ್ರಿಯಿಂದ ಆ ತೀರ್ಮಾನದವರೆಗೆ ಆಕಾಶದಿಂದ ಯಾವ ಧ್ವನಿಯೂ ಬರುವುದಿಲ್ಲ, ಯಾವ ದೂತನೂ ಇಳಿಯುವುದಿಲ್ಲ. ಕಾನೂನು ಬಲ್ಲ ಒಬ್ಬ ಪ್ರಾಮಾಣಿಕ ಮನುಷ್ಯ, ಹತ್ತು ಸಾಕ್ಷಿಗಳು, ಮಾತನ್ನು ಯಾವ ಕ್ರಮದಲ್ಲಿ ಮುಂದಿಡಬೇಕು ಅನ್ನುವ ಜಾಣ್ಮೆ. ದೇವರು ಇದ್ದಾನೆ, ಕಾಯ್ದೆಯನ್ನು ಪಕ್ಕಕ್ಕೆ ಸರಿಸದೆ ಇದ್ದಾನೆ.

ಇದನ್ನು ಇವತ್ತಿನ ಭಾರತದ ಕೋರ್ಟಿಗೆ ತಂದರೆ ಎಷ್ಟು ಬಾಗಿಲು ಮುಚ್ಚುತ್ತವೆ ನೋಡಿ. ಪಾಪನಿವೇದನೆಯ ಪೆಟ್ಟಿಗೆಯಲ್ಲಿ ಕೂತ ಫಾದರ್ ಒಬ್ಬರಿಗೆ ಕೊಲೆಗಾರನೇ ಬಂದು ಎಲ್ಲವನ್ನೂ ಹೇಳುತ್ತಾನೆ ಅಂತಿಟ್ಟುಕೊಳ್ಳಿ. ಜೈಲಿನಲ್ಲಿರುವುದು ಬೇರೆಯವನು. ಕಥೋಲಿಕ ಧರ್ಮಸಭೆಯ ನಿಯಮದಲ್ಲಿ ಆ ಗುಟ್ಟನ್ನು ಯಾವ ಕಾರಣಕ್ಕೂ ಬಿಟ್ಟುಕೊಡುವಂತಿಲ್ಲ. ನೇರವಾಗಿ ಬಿಟ್ಟುಕೊಟ್ಟ ಗುರುವಿಗೆ ಆ ಕ್ಷಣದಿಂದಲೇ ಬಹಿಷ್ಕಾರ. ನಿವೇದಿಸಿದವನಿಗೆ ತೊಂದರೆಯಾಗುವ ಹಾಗೆ ಆ ಮಾಹಿತಿಯನ್ನು ಬೇರೆ ರೀತಿಯಲ್ಲಿ ಬಳಸುವಂತೆಯೂ ಇಲ್ಲ. ಅಮೆರಿಕದ ರಾಜ್ಯಗಳಲ್ಲಿ ಪಾದ್ರಿಗೆ ಹೇಳಿದ ಇಂಥ ಮಾತಿಗೆ ಒಂದಲ್ಲ ಒಂದು ರೀತಿಯ ಕಾನೂನು ರಕ್ಷಣೆ ಇದೆ. ನಮ್ಮಲ್ಲಿ 1872ರ ಸಾಕ್ಷ್ಯ ಕಾಯ್ದೆ ಕಕ್ಷಿದಾರ ವಕೀಲನಿಗೆ ಹೇಳಿದ ಮಾತನ್ನು ಕಾಪಾಡಿತು, ಗಂಡ ಹೆಂಡತಿಯ ಮಾತನ್ನು ಕಾಪಾಡಿತು. ಪಾದ್ರಿಯ ಹೆಸರು ಎತ್ತಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅವರಿಗೆ ಜಾಗವಿಲ್ಲ. ಹಾಗಾಗಿ ನಮ್ಮ ಕಟಕಟೆಯಲ್ಲಿ ನಿಂತ ಫಾದರ್ ಬಾಯಿ ಬಿಟ್ಟರೆ ದೀಕ್ಷೆಗೆ ದ್ರೋಹ, ಬಿಡದಿದ್ದರೆ ಕಾನೂನಿನ ಕಣ್ಣಿನಲ್ಲಿ ತಪ್ಪಿತಸ್ಥ. ಅತ್ತ ನಿರಪರಾಧಿಯೊಬ್ಬ ಕಂಬಿ ಎಣಿಸುತ್ತಿದ್ದಾನೆ. ನಾನು ಈಗ ಬರೆಯುತ್ತಿರುವ ಕಾದಂಬರಿಯ ಗಂಟು ಇದು. ಆ ಫಾದರ್ ನಂಬಿಕೆ ಇಲ್ಲದವರಾಗಿದ್ದರೆ ಕಥೆ ಒಂದು ಪುಟಕ್ಕೆ ಮುಗಿಯುತ್ತಿತ್ತು.

"ಅದು ಸರಿ, ಪ್ರೀತಿ ಪ್ರೇಮ ಯಾಕೆ ಬೇಕಿತ್ತು?" ಇದು ಹೆಚ್ಚಾಗಿ ಹಿರಿಯರ ಪ್ರಶ್ನೆ. ಪ್ರೀತಿಗೂ ಸಾಕ್ಷ್ಯಕ್ಕೂ ನಮ್ಮ ಕಾನೂನಿನಲ್ಲೇ ಗಂಟು ಬಿದ್ದಿದೆ. ದಂಪತಿ ಮದುವೆಯ ಅವಧಿಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡ ಮಾತನ್ನು ಹೊರಗೆಡಹುವಂತೆ ಕೋರ್ಟು ಬಲವಂತ ಮಾಡುವಂತಿಲ್ಲ. ಹಳೆಯ ಕಾಯ್ದೆಯ 122ನೆಯ ಕಲಂ, ಈಗ 128. ಅವರವರ ನಡುವೆಯೇ ದಾವೆ ಇದ್ದರೆ, ಒಬ್ಬರು ಇನ್ನೊಬ್ಬರ ಮೇಲೆ ಅಪರಾಧ ಎಸಗಿದ್ದರೆ ಆ ಮಾತು ಬೇರೆ. ಆದರೆ ಮದುವೆಗೆ ಮುಂಚೆ ಹೇಳಿದ ಮಾತಿಗೆ ಈ ರಕ್ಷಣೆ ಇಲ್ಲ. ನಿಶ್ಚಿತಾರ್ಥವಾದ ಹುಡುಗ ತನ್ನ ಹುಡುಗಿಗೆ ಒಂದು ಗುಟ್ಟು ಹೇಳಿದ್ದಾನೆ. ತಾಳಿ ಕಟ್ಟಿದ ಮೇಲೆ ಹೇಳಿದ್ದರೆ ಅವಳು ಸುಮ್ಮನಿರಬಹುದಿತ್ತು, ಈಗ ಆಗುವುದಿಲ್ಲ. ಅವಳು ವಕೀಲೆಯೂ ಆಗಿದ್ದರೆ ಇನ್ನೂ ಕಷ್ಟ: ತಾನು ಸಾಕ್ಷಿಯಾಗಬೇಕಾದೀತು ಅಂತ ಗೊತ್ತಿರುವ ಮೊಕದ್ದಮೆಯಲ್ಲಿ ವಕಾಲತ್ತು ಹಾಕಬಾರದು ಅಂತ ಬಾರ್ ಕೌನ್ಸಿಲ್ ನಿಯಮ ಹೇಳುತ್ತದೆ. ಪ್ರೀತಿಸಿದವನ ಪರ ವಾದಿಸುವ ಹಾಗಿಲ್ಲ, ಅವನ ವಿರುದ್ಧ ಸಾಕ್ಷಿ ನುಡಿಯಲು ಕರೆಯೋಲೆ ಬರಬಹುದು. ಇಂಥವಳ ರಾತ್ರಿಯ ಪ್ರಾರ್ಥನೆ ಎಂಥದ್ದಿರಬಹುದು ಅಂತ ಯೋಚಿಸಿದರೆ ಸಾಕು, ಅಧ್ಯಾಯ ತಾನಾಗಿ ಬರೆಸಿಕೊಳ್ಳುತ್ತದೆ.

ಅಮೆರಿಕದ ಕಾದಂಬರಿಗಳನ್ನು ನೋಡಿ ಬರೆಯಲು ಹೊರಟವರಿಗೆ ಒಂದು ಮಾತು. ಅಲ್ಲಿ ಕೊನೆಗೆ ವಕೀಲ ಎದ್ದು ನಿಂತು ಹನ್ನೆರಡು ಜನ ಜೂರಿಗಳ ಎದುರು ಮನಕರಗುವ ಭಾಷಣ ಮಾಡುತ್ತಾನೆ. ನಮ್ಮಲ್ಲಿ ಜೂರಿ ಪದ್ಧತಿ 1973ರ ದಂಡ ಪ್ರಕ್ರಿಯಾ ಸಂಹಿತೆಯೊಂದಿಗೆ ಪೂರ್ತಿ ಹೋಯಿತು. (ಪಾರ್ಸಿಗಳ ವೈವಾಹಿಕ ದಾವೆಗಳಲ್ಲಿ ಮಾತ್ರ ಸಮುದಾಯದ ಪ್ರತಿನಿಧಿಗಳು ನ್ಯಾಯಾಧೀಶರ ಜೊತೆ ಕೂರುವ ಏರ್ಪಾಡು ಉಳಿದುಕೊಂಡಿತು. ಅದರ ಮೇಲೆ ಯಾರಾದರೂ ಒಂದು ಕಾದಂಬರಿ ಬರೆಯಬೇಕು ಅಂತ ನನಗೆ ಬಹಳ ಆಸೆ.) ಸಿನಿಮಾದಲ್ಲಿ ಭಗವದ್ಗೀತೆಯ ಮೇಲೆ ಕೈಯಿಡಿಸುವುದೂ ನಮ್ಮ ಕೋರ್ಟಿನ ರೀತಿಯಲ್ಲ. 1969ರ ಪ್ರಮಾಣ ಕಾಯ್ದೆ ಯಾವ ಗ್ರಂಥವನ್ನೂ ಕೇಳುವುದಿಲ್ಲ. ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಬೇಡವಾದರೆ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ಅದಕ್ಕೂ ಹಿಂದಿನ 1873ರ ಕಾಯ್ದೆಯಲ್ಲಿ ಒಂದು ವಿಚಿತ್ರ ಅವಕಾಶವಿತ್ತು: "ಎದುರಾಳಿ ಇಂಥ ದೇವರ ಮೇಲೆ ಆಣೆ ಮಾಡಿ ಹೇಳಿದರೆ ನಾನು ಒಪ್ಪುತ್ತೇನೆ" ಅಂತ ಕಕ್ಷಿದಾರ ಕೋರ್ಟಿನಲ್ಲಿ ಒಪ್ಪಿಕೊಂಡು, ಎದುರಾಳಿ ಹಾಗೆ ಆಣೆ ಮಾಡಿಬಿಟ್ಟರೆ, ಒಪ್ಪಿದವನ ಮಟ್ಟಿಗೆ ಅದೇ ಅಂತಿಮ ಪುರಾವೆ. 1969ರಲ್ಲಿ ಅದನ್ನು ಕೈಬಿಟ್ಟರು. ಆ ಕಾಲದ ಕಥೆ ಬರೆಯುವವರ ಕೈಗೆ ಇದಕ್ಕಿಂತ ಒಳ್ಳೆಯ ಆಯುಧ ಸಿಗಲಾರದು. ಸುಳ್ಳುಗಾರನೊಬ್ಬ ದೇವರ ಮುಂದೆ ನಿಂತಿದ್ದಾನೆ, ಎದುರಾಳಿ ತನ್ನ ಇಡೀ ಆಸ್ತಿಯನ್ನು ಅವನ ನಾಲಿಗೆಯ ಮೇಲಿಟ್ಟಿದ್ದಾನೆ.

ನಮ್ಮ ಕೋರ್ಟಿನ ನಿಜವಾದ ಬಿಗಿ ಇರುವುದು ಪಾಟೀಸವಾಲಿನಲ್ಲಿ. ಹೊರಗೆ ಜವಾನ ಹೆಸರು ಕೂಗುತ್ತಾನೆ, ಸಾಕ್ಷಿ ಒಳಗೆ ಬಂದು ಕಟಕಟೆ ಹತ್ತುತ್ತಾನೆ. ವಕೀಲರು ಕೇಳುತ್ತಾರೆ, ಸಾಕ್ಷಿ ತನ್ನ ಮಾತಿನಲ್ಲಿ ಹೇಳುತ್ತಾನೆ, ನ್ಯಾಯಾಧೀಶರು ಅದನ್ನು ಕೋರ್ಟಿನ ಭಾಷೆಗೆ ತಿರುಗಿಸಿ ಹೇಳುತ್ತಾರೆ, ಪಕ್ಕದಲ್ಲಿ ಕೂತವರು ಟೈಪ್ ಮಾಡುತ್ತಾರೆ. "ಗೊತ್ತಿಲ್ಲ" ಅಂದದ್ದು "ನೆನಪಿಲ್ಲ" ಅಂತ ದಾಖಲಾದರೆ ಮೊಕದ್ದಮೆಯ ಬಣ್ಣವೇ ಬದಲಾಗುತ್ತದೆ. ಆ ಒಂದು ಪದಕ್ಕೆ ಕಿರಿಯ ವಕೀಲೆಯೊಬ್ಬಳು ಎದ್ದು "ಸ್ವಾಮಿ, ಸಾಕ್ಷಿ ಹಾಗೆ ಹೇಳಲಿಲ್ಲ" ಅನ್ನಬೇಕು. ಅದಕ್ಕೆ ಬೇಕಾದ ಧೈರ್ಯ ಸಣ್ಣದಲ್ಲ. ಆಮೇಲೆ ವಾಯಿದೆ, ಮತ್ತೆ ವಾಯಿದೆ. ಸಾಕ್ಷಿ ಇನ್ನೊಂದು ತಾರೀಖಿಗೆ ಬರುವಷ್ಟರಲ್ಲಿ ಯಾರು ಯಾರು ಅವನ ಮನೆಗೆ ಹೋಗಿ ಬಂದರೋ.

ಈ ಪ್ರಕಾರದಲ್ಲಿ ನಾನು ಸುತರಾಂ ಒಪ್ಪದ ಒಂದು ತಂತ್ರ ಇದೆ. ನಾಯಕಿ ಮೊಣಕಾಲೂರಿ ಪ್ರಾರ್ಥಿಸುತ್ತಾಳೆ, ಮರುದಿನ ಕಳೆದುಹೋದ ದಸ್ತಾವೇಜು ಸಿಗುತ್ತದೆ. ಇದರಿಂದ ಕಥೆಯೂ ಕೆಡುತ್ತದೆ, ದೇವರನ್ನು ಜೀತಕ್ಕೆ ಇಟ್ಟುಕೊಂಡ ಹಾಗೂ ಆಗುತ್ತದೆ. ಕಥೋಲಿಕರ ಬೈಬಲಿನಲ್ಲಿ ದಾನಿಯೇಲನ ಗ್ರಂಥದ 13ನೆಯ ಅಧ್ಯಾಯ ಓದಿ, ನಮ್ಮ ಪ್ರೊಟೆಸ್ಟೆಂಟರ ಸತ್ಯವೇದದಲ್ಲಿ ಅದಿಲ್ಲ. ಸುಸನ್ನಳ ಮೇಲೆ ಇಬ್ಬರು ಹಿರಿಯರು ವ್ಯಭಿಚಾರದ ಸುಳ್ಳು ಆರೋಪ ಹೊರಿಸುತ್ತಾರೆ, ಇಬ್ಬರೂ ನ್ಯಾಯಾಧಿಪತಿಗಳೇ. ಮರಣದಂಡನೆಯ ತೀರ್ಪು ಆಗಿದೆ, ಅವಳನ್ನು ಕರೆದುಕೊಂಡು ಹೋಗುತ್ತಿದ್ದಾರೆ. ಅವಳು ದೇವರಿಗೆ ಮೊರೆಯಿಡುತ್ತಾಳೆ. ದೇವರು ಸಿಡಿಲು ಹೊಡೆಸಲಿಲ್ಲ, ಒಬ್ಬ ಹುಡುಗನನ್ನು ಎಬ್ಬಿಸಿದ. ದಾನಿಯೇಲ ಇಬ್ಬರು ಸಾಕ್ಷಿಗಳನ್ನು ಬೇರೆ ಬೇರೆ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದ: ಅವಳನ್ನು ಆ ಗಂಡಸಿನ ಜೊತೆ ಯಾವ ಮರದ ಕೆಳಗೆ ನೋಡಿದೆ? ಒಬ್ಬ ಒಂದು ಮರ ಹೇಳಿದ, ಇನ್ನೊಬ್ಬ ಬೇರೆ ಮರ. ಮುಗಿಯಿತು. ಪ್ರಾರ್ಥನೆಗೆ ಸಿಕ್ಕ ಉತ್ತರ ಒಂದು ಒಳ್ಳೆಯ ಪಾಟೀಸವಾಲು.

ಇನ್ನು "ನಂಬಿಕೆಯ ಕಥೆ ಅಂದರೆ ಚರ್ಚು ಸದಾ ಒಳ್ಳೆಯವರ ಕಡೆ ತಾನೆ?" ಅನ್ನುವವರಿದ್ದಾರೆ. ಮೇರಿ ರಾಯ್ ಮೊಕದ್ದಮೆ ನೆನಪಿಸಿಕೊಳ್ಳಿ. ತಿರುವಾಂಕೂರಿನ ಕ್ರೈಸ್ತ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಉಯಿಲು ಬರೆಯದೆ ತೀರಿಕೊಂಡ ತಂದೆಯ ಆಸ್ತಿಯಲ್ಲಿ ಮಗಳಿಗೆ ಸಿಗುತ್ತಿದ್ದುದು ಮಗನ ಪಾಲಿನ ಕಾಲು ಭಾಗ ಅಥವಾ 5,000 ರೂಪಾಯಿ, ಯಾವುದು ಕಡಿಮೆಯೋ ಅದು. ಕೋಟ್ಟಯಂನಲ್ಲಿ ಶಾಲೆ ನಡೆಸುತ್ತಿದ್ದ ಆಕೆ ಸುಪ್ರೀಂ ಕೋರ್ಟಿಗೆ ಹೋದರು, 1986ರಲ್ಲಿ ಗೆದ್ದರು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯವಾಗಿ ಮಗಳಿಗೆ ಸಮಪಾಲು ಬಂತು. ಆ ತೀರ್ಪಿಗೆ ಕೇರಳದ ಚರ್ಚು ವಲಯದಿಂದಲೇ ದೊಡ್ಡ ವಿರೋಧ ಬಂತು. ಒಂದೇ ಸತ್ಯವೇದ ಓದುವವರು ಕೋರ್ಟಿನ ಎರಡೂ ಕಡೆ ನಿಂತಿರುವಾಗ ಯಾರ ಪ್ರಾರ್ಥನೆ ಕೇಳಿಸೀತು ಅನ್ನುವುದು ಬರೆಯಲೇಬೇಕಾದ ವಿಷಯ. ಅದನ್ನು ಜಾರಿಸಿ ಬರೆದ ಕಾದಂಬರಿಯನ್ನು ನಾನು ನಂಬುವುದಿಲ್ಲ.

ಕಡೆಗೆ ಮೂಲ ಪ್ರಶ್ನೆ: ಒಳ್ಳೆಯವರೇ ಗೆಲ್ಲುತ್ತಾರೆ ಅಂತ ಗೊತ್ತಲ್ಲ? ಎಲ್ಲಿ ಗೊತ್ತು? ಸತ್ಯವೇದದಲ್ಲೇ ಇನ್ನೊಂದು ಕಥೆ ಇದೆ. ಇಜ್ರೇಲ್ ಎಂಬ ಊರಿನ ನಾಬೋತನಿಗೆ ಪಿತ್ರಾರ್ಜಿತ ದ್ರಾಕ್ಷಿತೋಟವಿತ್ತು, ಅರಮನೆಗೆ ತಾಗಿಕೊಂಡೇ. ರಾಜ ಅಹಾಬ ಕೇಳಿದ, ಬದಲಿಗೆ ಅದಕ್ಕಿಂತ ಒಳ್ಳೆಯ ತೋಟ ಇಲ್ಲವೇ ಹಣ ಕೊಡುತ್ತೇನೆ ಅಂದ. ಪೂರ್ವಿಕರ ಸೊತ್ತನ್ನು ಮಾರುವುದು ದೇವರಿಗೆ ವಿರುದ್ಧ ಅಂತ ನಾಬೋತ ಒಪ್ಪಲಿಲ್ಲ. ರಾಣಿ ಈಜೆಬೆಲ್ ಎಲ್ಲವನ್ನೂ ಕ್ರಮಬದ್ಧವಾಗಿಯೇ ನಡೆಸಿದಳು: ರಾಜಮುದ್ರೆಯೊತ್ತಿದ ಪತ್ರಗಳು, ಉಪವಾಸದ ಪ್ರಕಟಣೆ, ಊರ ಹಿರಿಯರ ಸಭೆ, ಧರ್ಮಶಾಸ್ತ್ರ ಕೇಳುವಷ್ಟೇ, ಅಂದರೆ ಇಬ್ಬರು ಸಾಕ್ಷಿಗಳು. ದೇವರನ್ನೂ ರಾಜನನ್ನೂ ದೂಷಿಸಿದ ಅಂತ ಅವರು ಹೇಳಿದರು, ನಾಬೋತನನ್ನು ಊರ ಹೊರಗೆ ಒಯ್ದು ಕಲ್ಲೆಸೆದು ಕೊಂದರು. ಪ್ರವಾದಿ ಎಲೀಯ ಬಂದು ರಾಜನ ಮುಖಕ್ಕೆ ನ್ಯಾಯ ಹೇಳಿದ್ದು ಆಮೇಲೆ. ಈಜೆಬೆಲ್ ಸತ್ತದ್ದು ಇನ್ನೂ ಎಷ್ಟೋ ಕಾಲದ ಮೇಲೆ. ನಾಬೋತ ತಿರುಗಿ ಬರಲಿಲ್ಲ. ಮಾರಲಾರೆ ಅಂತ ಅವನು ರಾಜನೆದುರು ನಿಂತು ಹೇಳಿದಾಗ ಮುಂದೆ ಏನು ಕಾದಿದೆ ಅಂತ ಯಾರೂ ಅವನಿಗೆ ಹೇಳಿರಲಿಲ್ಲ. ನನ್ನ ಕಾದಂಬರಿಯ ಜನ ನಿಂತಿರುವುದೂ ಅಲ್ಲಿಯೇ. ಅವರ ಮೊಕದ್ದಮೆ ಕೆಲವು ಪುಸ್ತಕಗಳಲ್ಲಿ ಗೆಲ್ಲುತ್ತದೆ, ಕೆಲವದರಲ್ಲಿ ಸೋಲುತ್ತದೆ. ಯಾವುದರಲ್ಲಿ ಏನು ಅಂತ ಊಟದ ಸಾಲಿನಲ್ಲಿ ಕೇಳಿದರೆ ನಾನು ಹೇಳುವುದಿಲ್ಲ.