ಒದ್ದೆ ಟ್ರ್ಯಾಕಿನ ಲೆಕ್ಕ

ಪುಣೆಯಲ್ಲಿ ಬೆಳಗಿನಿಂದ ಜಿಟಿಜಿಟಿ ಮಳೆ. ಇಂಥ ದಿನ ಫಾರ್ಮುಲಾ ಒನ್ ರೇಸ್ ನೋಡುವುದಾದರೆ ಕಣ್ಣು ಟೈರಿನ ಮೇಲಿರಲಿ.

ಅಲ್ಪಸ್ವಲ್ಪ ಒದ್ದೆಗೆ ಹಾಕುವ ಹಸಿರು ಗುರುತಿನದು ಇಂಟರ್‌ಮೀಡಿಯೆಟ್, ಜೋರು ಮಳೆಗೆ ಹಾಕುವ ನೀಲಿಯದು ಫುಲ್ ವೆಟ್. ಟೈರು ತಯಾರಿಸುವ ಪಿರೆಲ್ಲಿ ಕೊಡುವ ಲೆಕ್ಕದಂತೆ 300 ಕಿ.ಮೀ. ವೇಗದಲ್ಲಿ ಹಸಿರು ಟೈರು ಸೆಕೆಂಡಿಗೆ 30 ಲೀಟರ್ ನೀರು ಹೊರದಬ್ಬಿದರೆ ನೀಲಿಯದು 85 ಲೀಟರ್. ಹತ್ತಿರಹತ್ತಿರ ಐದು ಬಿಂದಿಗೆ! ತಮಾಷೆಯೆಂದರೆ ಆ ನೀರೇ ತುಂತುರಾಗಿ ಹಿಂದಿನವನಿಗೆ ಏನೂ ಕಾಣದಂತೆ ಮಾಡುತ್ತದೆ. ಹಾಗಾಗಿ ನೀಲಿ ಟೈರು ಬೇಕಾಗುವಷ್ಟು ಮಳೆ ಬಂದಾಗ ಸಾಮಾನ್ಯವಾಗಿ ರೇಸ್ ನಿಲ್ಲಿಸುವ ಕೆಂಪು ಬಾವುಟವೂ ಬಂದಿರುತ್ತದೆ.

ಒಣಗಿದ್ದಾಗ ಹಿಡಿತ ಕೊಡುವ ರೇಸಿಂಗ್ ಲೈನ್, ಅಂದರೆ ಎಲ್ಲರೂ ಓಡಿಸುವ ವೇಗದ ಸಾಲು, ಮಳೆಯಲ್ಲಿ ಶತ್ರು. ಅಲ್ಲಿ ಮೆತ್ತಿಕೊಂಡ ರಬ್ಬರ್ ನೆನೆದರೆ ಪಾಚಿಗಟ್ಟಿದ ಕಲ್ಲಿನಂತೆ. ಅದಕ್ಕೇ ಪಳಗಿದವರು ತಿರುವಿನಲ್ಲಿ ಆ ಸಾಲು ಬಿಟ್ಟು ಹೊರಗಿನಿಂದ ಸುತ್ತಿ ಬರುತ್ತಾರೆ. ಬಿಳಿ ಗೆರೆ, ಅಂಚಿನ ಬಣ್ಣದ ಕಟ್ಟೆ (ಕರ್ಬ್) ಮುಟ್ಟುವುದಿಲ್ಲ. ಟ್ರ್ಯಾಕ್ ಒಣಗತೊಡಗಿದಾಗ ಇಂಟರ್‌ಮೀಡಿಯೆಟ್‌ನ ಗೀರುಗಳ ನಡುವಿನ ರಬ್ಬರ್ ತುಂಡುಗಳು ಅಲುಗಾಡಿ ಕಾದು ಸವೆಯುತ್ತವೆ. ಆಗ ನೇರ ದಾರಿಯಲ್ಲಿ ಬೇಕೆಂದೇ ನೀರು ನಿಂತ ಕಡೆ ಓಡಿಸಿ ಟೈರು ತಣಿಸುತ್ತಾರೆ.

ಉಳಿದದ್ದು ಟೈರು ಬದಲಿಸುವ ತಾಣವಾದ ಪಿಟ್‌ಗೆ ಬರುವ ಗಳಿಗೆ. 2008ರ ಬ್ರೆಜಿಲ್ ರೇಸಿನಲ್ಲಿ ಮಳೆ ಬಂದರೂ ಒಣ ಟೈರಿನಲ್ಲೇ ಉಳಿದ ಚಾಲಕ ಗ್ಲಾಕ್‌ನನ್ನು ಕೊನೆಯ ಸುತ್ತಿನಲ್ಲಿ ದಾಟಿದ ಹ್ಯಾಮಿಲ್ಟನ್ 1 ಅಂಕದಿಂದ ಚಾಂಪಿಯನ್ ಆದ. 2021ರಲ್ಲಿ ರಷ್ಯಾದ ಸೋಚಿಯಲ್ಲಿ ಮುಂದಿದ್ದ ನಾರಿಸ್ ಮಳೆ ಟೈರು ಹಾಕಿಸಲು ತಡಮಾಡಿ ಗೆಲುವನ್ನೇ ಕಳೆದುಕೊಂಡ.

ಪುಣೆ-ಮುಂಬೈ ದಾರಿಯ ನಮ್ಮ ಖಂಡಾಲಾ ಘಾಟಿನಲ್ಲಿ ಪಿಟ್ ಎಲ್ಲಿ ಬಂತು? ಟೈರು ಸವೆದು ಗೀರಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಿದ್ದರೆ ಮನೆಯಲ್ಲೇ ಬದಲಿಸಬೇಕು.