ಬೀಜ ಮುಚ್ಚುವ ಪದ, ಉಪಕಾರ ಮುಚ್ಚುವ ಪದ

ಹಿಂಗಾರಿ ಬಿತ್ತನೆಯಲ್ಲಿ ನವಲಗುಂದ, ಗದಗ ಕಡೆಯ ಎರಿ ಹೊಲಗಳಲ್ಲಿ ಮುಂದೆ ಕೂರಿಗೆ, ಹಿಂದೆಯೇ ಕುಂಟಿ. ಬಟ್ಟಲಿಗೆ ಬಿಟ್ಟ ಬಿಳಿಜೋಳ ಕೊಳವೆಯಲ್ಲಿ ಜಾರಿ ಸಾಲಿಗಿಳಿಯುತ್ತದೆ, ಕುಂಟಿ ಮಣ್ಣೆಳೆದು ಮುಚ್ಚುತ್ತದೆ. ಮುಚ್ಚದೆ ಉಳಿದ ಕಾಳು ಹಕ್ಕಿಯ ಪಾಲು. ಹೀಗೆ ಮುಚ್ಚುವುದಕ್ಕೆ ಹಳೆಯ ಅರಬ್ಬಿಯಲ್ಲಿ ‘ಕಫರ’ ಎನ್ನುತ್ತಿದ್ದರು. ಬಿತ್ತಿ ಮುಚ್ಚುವವನು ‘ಕಾಫಿರ್’, ಬಹುವಚನ ‘ಕುಫ್ಫಾರ್’.

ಕುರ್‌ಆನಿನ 57ನೇ ಅಧ್ಯಾಯದ 20ನೇ ವಚನದಲ್ಲಿ ಮಳೆಗೆ ಎದ್ದ ಪೈರು ಕಂಡು ಹಿಗ್ಗುವವರು ಈ ಕುಫ್ಫಾರರೇ. ಅವರು ಸತ್ಯನಿಷೇಧಿಗಳು ಎನ್ನುವ ವ್ಯಾಖ್ಯಾನವೂ ಇದೆ. ಆದರೆ ಮಳೆ, ಪೈರು, ಒಣಗಿ ಹಳದಿಯಾಗುವ ದಂಟು ಎಲ್ಲ ಒಟ್ಟಿಗೆ ಬರುವಲ್ಲಿ ‘ರೈತರು’ ಎಂಬ ಅರ್ಥವೇ ಸಹಜ.

ಅರಬ್ಬಿ ಪದಗಳು ಕೆಲವೇ ವ್ಯಂಜನಗಳ ಬೇರಿನಿಂದ ಹುಟ್ಟುತ್ತವೆ. ಇಲ್ಲಿ ಬೇರಿನ ಅಕ್ಷರ ಮೂರು: ಕಾಫ್, ಫಾ, ರಾ. ಎಲ್ಲವನ್ನೂ ಮರೆಮಾಡುವ ಇರುಳಿಗೂ ಕಾಫಿರ್ ಎಂಬ ಹೆಸರಿತ್ತು. ಕವಿ ಲಬೀದ್ ಮೋಡ ನಕ್ಷತ್ರಗಳನ್ನು ಮುಚ್ಚಿದ ರಾತ್ರಿಯನ್ನು ಹೇಳಲು ಇದೇ ಕ್ರಿಯಾಪದ ಬಳಸುತ್ತಾನೆ. ಉಪಕಾರದ ಮೇಲೆ ಮಣ್ಣೆಳೆದರೆ ಅದು ಕೃತಘ್ನತೆ.

ಇಲ್ಲಿ ಕೊಂಚ ನಿಲ್ಲಬೇಕು. ಸಂಸ್ಕೃತದ ‘ಕೃತಘ್ನ’ ಮಾಡಿದ್ದನ್ನು ಕೊಲ್ಲುವವನು. ನಮ್ಮ ಮಾತಿನಲ್ಲಿ ಅವನು ಉಂಡ ಮನೆಯ ಜಂತಿ ಎಣಿಸುವವನು. ಅರಬ್ಬಿಯವನು ಕೊಲ್ಲುವುದೂ ಇಲ್ಲ, ಎಣಿಸುವುದೂ ಇಲ್ಲ. ಪಡೆದದ್ದು ಕಾಣದಂತೆ ಮುಚ್ಚುತ್ತಾನೆ. ಆದ್ದರಿಂದಲೇ ಇದರ ಎದುರುಪದ ‘ಶುಕ್ರ್’, ಅಂದರೆ ಕೃತಜ್ಞತೆ, ತೋರಿಸುವ ಪದ. ಸ್ವಲ್ಪವೇ ಮೇವು ತಿಂದರೂ ಮೈ ತುಂಬಿಕೊಂಡು ತೋರುವ ದನಕ್ಕೆ ಅರಬ್ಬರು ‘ಶಕೂರ್’ ಎನ್ನುತ್ತಿದ್ದರು. ಹಾಕಿದ ಹಿಡಿ ಮೇವು ಅದರ ಮೈಮೇಲೆ ಕಾಣುತ್ತದೆ! ಕುರ್‌ಆನಿನ 14ನೇ ಅಧ್ಯಾಯದ 7ನೇ ವಚನದಲ್ಲಿ ಈ ಎರಡು ಕ್ರಿಯಾಪದಗಳು ಎದುರುಬದುರು ನಿಂತಿವೆ. ಅಲ್ಲಿ ‘ಕಫರ್‌ತುಮ್’ ಎಂಬುದನ್ನು ‘ಕೃತಘ್ನರಾದರೆ’ ಎಂದು ಕನ್ನಡಿಸಿದರೇ ಜೋಡಿ ಕೂಡುತ್ತದೆ.

ನಾಮರೂಪಗಳನ್ನು ಬೆರೆಸಬಾರದು. ಕುರ್‌ಆನಿನ ಪದಗಳಿಗೆ ಕೋಶ ಬರೆದ ರಾಗಿಬ್ ಅಲ್ ಇಸ್ಫಹಾನಿ ಹೇಳುವಂತೆ ‘ಕುಫ್ರಾನ್’ ಹೆಚ್ಚಾಗಿ ಉಪಕಾರದ ನಿರಾಕರಣೆಗೆ, ‘ಕುಫ್ರ್’ ಹೆಚ್ಚಾಗಿ ಧರ್ಮದ ನಿರಾಕರಣೆಗೆ, ‘ಕುಫೂರ್’ ಎರಡಕ್ಕೂ. ಪಡೆದ ಉಪಕಾರಕ್ಕೆ ಕೃತಘ್ನನಾಗುವುದು ಎನ್ನುವ ಉರ್ದುವಿನ ‘ಕುಫ್ರಾನೆ ನೇಮತ್’ ಮೊದಲನೆಯದರಿಂದ ಬಂದದ್ದು.

ಮುಚ್ಚುವುದೆಲ್ಲ ಕೆಟ್ಟದ್ದಲ್ಲ. ತಪ್ಪನ್ನು ಮುಚ್ಚುವ ಪ್ರಾಯಶ್ಚಿತ್ತ ‘ಕಫ್ಫಾರಾ’. ಆಣೆ ಮುರಿದರೆ 10 ಬಡವರಿಗೆ ಊಟ ಇಲ್ಲವೇ ಬಟ್ಟೆ, ಅಥವಾ ಒಬ್ಬ ಗುಲಾಮನ ಬಿಡುಗಡೆ. ಯಾವುದೂ ಆಗದಿದ್ದರೆ 3 ದಿನ ಉಪವಾಸ (5:89).

ಬೇರಿನ ಪ್ರಕಾರ ಜೋಡಿಸಿದ ನಿಘಂಟಿನಲ್ಲಿ ‘ತಕ್ಫೀರ್’ (ಒಬ್ಬನನ್ನು ಕಾಫಿರ್ ಎಂದು ಸಾರುವುದು) ಹುಡುಕುವವರು ಮೊದಲಿನ ‘ತ’, ನಡುವಿನ ದೀರ್ಘ ‘ಈ’ ತೆಗೆಯಬೇಕು, ಉಳಿದದ್ದೇ ಬೇರು. ಎಡವುವುದು ಕನ್ನಡ ಲಿಪಿಯಲ್ಲಿ ಓದುವಾಗ. ‘ಕಫೂರ್’ ಮಹಾ ಕೃತಘ್ನ, ‘ಕಾಫೂರ್’ ಕರ್ಪೂರ. ಅರಬ್ಬಿಯಲ್ಲೂ ಒಂದು ಅಲಿಫ್‌ನದಷ್ಟೇ ವ್ಯತ್ಯಾಸ. ನಿಘಂಟುಗಳು ಕಾಫೂರನ್ನು ಇದೇ ಬೇರಿನಡಿ ಇಟ್ಟರೂ ಅದು ಹೊರಗಿನಿಂದ ಅರಬ್ಬಿಗೆ ಹೋದ ಪದ. ಕಫನ್ (ಹೆಣಕ್ಕೆ ಹೊದಿಸುವ ಬಟ್ಟೆ), ಕಬರ್ (ಗೋರಿ) ಎರಡರಲ್ಲೂ ಮುಚ್ಚುವ ಅರ್ಥ ಕಂಡು ಇವೂ ಇದರ ಮಕ್ಕಳೇ ಎಂದು ಹೇಳುವವರುಂಟು. ಅಲ್ಲ: ಮೊದಲನೆಯದರ ಕೊನೆಯಲ್ಲಿ ನೂನ್ ಇದೆ, ಎರಡನೆಯದು ಕಾಫ್, ಬಾ, ರಾ; ಆ ಕಾಫ್ ಕೂಡ ಗಂಟಲಾಳದ ಬೇರೆ ಅಕ್ಷರ.

100ನೇ ಅಧ್ಯಾಯದ 6ನೇ ವಚನದಲ್ಲಿ ಕೃತಘ್ನನಿಗೆ ಇರುವ ಪದವಂತೂ ಈ ಬೇರಿನಡಿ ಸಿಗುವುದೇ ಇಲ್ಲ. ಅದು ‘ಕನೂದ್’, ಕಾಫ್, ನೂನ್, ದಾಲ್ ಅಡಿ ನೋಡಬೇಕು. ಏನೂ ಬೆಳೆಯದ ನೆಲಕ್ಕೂ ಅದೇ ಹೆಸರು.